ಎಸ್‌ಎಸ್‌ಡಿ ಹಾಕಿಸಿದರೆ ಹಳೆಯ ಫೈಲುಗಳೆಲ್ಲ ಅಳಿಸಿಹೋಗುತ್ತವೆಯೇ?

"ಎಸ್‌ಎಸ್‌ಡಿ ಹಾಕಿಸಿದರೆ ವಿಂಡೋಸ್ ಹೊಸದಾಗಿ ಹಾಕಲೇಬೇಕು, ಹಳೆಯದೆಲ್ಲ ಹೋಗುತ್ತೆ" ಎಂಬ ಮಾತು ಬಹಳ ಜನರ ಬಾಯಲ್ಲಿದೆ. ಹೊಸಪೇಟೆಯ ಡಿಟಿಪಿ ಅಂಗಡಿ ಇರಲಿ, ಕಂಪ್ಲಿಯ ರೈಸ್ ಮಿಲ್ಲಿನ ಲೆಕ್ಕದ ಕೋಣೆ ಇರಲಿ, ಹತ್ತು ವರ್ಷದ ಕೆಲಸ ಒಂದೇ ಹಾರ್ಡ್ ಡಿಸ್ಕಿನಲ್ಲಿ ಕೂತಿರುವ ಕಡೆ ಈ ಭಯಕ್ಕೇ ಜನ ಆಮೆಗತಿಯ ಕಂಪ್ಯೂಟರಿನ ಜೊತೆ ಏಗುತ್ತಿರುತ್ತಾರೆ.

ಆ ಮಾತು ನಿಜವಲ್ಲ. ವಿಂಡೋಸ್, ತಂತ್ರಾಂಶಗಳು, ಫಾಂಟುಗಳು, ಫೈಲುಗಳು ಎಲ್ಲವನ್ನೂ ಇದ್ದ ಹಾಗೆಯೇ ಹೊಸ ಡ್ರೈವಿಗೆ ನಕಲು ಮಾಡಬಹುದು. ಇದಕ್ಕೆ ಕ್ಲೋನ್ ಮಾಡುವುದು ಎನ್ನುತ್ತಾರೆ. ಫೈಲು ಕಳೆದುಕೊಳ್ಳುವವರೂ ಇದ್ದಾರೆ, ಆದರೆ ಅದಕ್ಕೆ ಕಾರಣ ಎಸ್‌ಎಸ್‌ಡಿ ಅಲ್ಲ.

ವೇಗ ಬರುವುದು ಹೇಗೆ?

ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ವಿಂಡೋಸ್ ಶುರುವಾಗುವಾಗ ಅಲ್ಲಲ್ಲಿ ಚದುರಿರುವ ಸಾವಿರಾರು ಸಣ್ಣ ಫೈಲುಗಳನ್ನು ಓದಬೇಕು; ಪ್ರತಿ ಸಲವೂ ತಟ್ಟೆ ತಿರುಗಿ ಬರುವುದನ್ನು ಕಾಯಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಎಲ್ಲವೂ ಚಿಪ್ಪಿನಲ್ಲಿರುತ್ತದೆ. ಆದ್ದರಿಂದ ಹಳೆಯ ಕಂಪ್ಯೂಟರಿಗೂ ಜೀವ ಬಂದ ಹಾಗಾಗುತ್ತದೆ. ಪ್ರೊಸೆಸರ್ ಮಾತ್ರ ಹಳೆಯದೇ. ಮದುವೆ ವಿಡಿಯೋ ರೆಂಡರ್ ಮಾಡುವ ಸಮಯ ಅಷ್ಟೇನೂ ಇಳಿಯುವುದಿಲ್ಲ.

ಸಿ ಡ್ರೈವ್ ಕಾಪಿ ಮಾಡಿದರೆ ಸಾಲದೇ?

ಸಾಲದು. ಮೌಸಿನಲ್ಲಿ ಎಳೆದು ಹಾಕಿದರೆ ಫೋಟೋ, ದಾಖಲೆಗಳು ಬರುತ್ತವೆ, ವಿಂಡೋಸ್ ಬರುವುದಿಲ್ಲ. ಕಂಪ್ಯೂಟರನ್ನು ಎಬ್ಬಿಸುವ ಭಾಗ ಕಣ್ಣಿಗೆ ಕಾಣದ ಬೇರೊಂದು ಸಣ್ಣ ವಿಭಾಗದಲ್ಲಿರುತ್ತದೆ. ಬಳಕೆಯಲ್ಲಿರುವ ಫೈಲುಗಳು ನಕಲಾಗಲು ಬಿಡುವುದೂ ಇಲ್ಲ. ಕ್ಲೋನ್ ತಂತ್ರಾಂಶ ಎಲ್ಲ ವಿಭಾಗಗಳನ್ನೂ ಒಟ್ಟಿಗೆ ನಕಲಿಸುತ್ತದೆ. ಕ್ಲೋನ್‌ಜಿಲ್ಲಾ ಉಚಿತ. ಆದರೆ ಹೊಸ ಡ್ರೈವ್ ಹಳೆಯದಕ್ಕಿಂತ ಚಿಕ್ಕದಿದ್ದರೆ ಅದು ಸಾಮಾನ್ಯವಾಗಿ ಒಪ್ಪುವುದಿಲ್ಲ, 1 ಟಿಬಿ ಡಿಸ್ಕಿನಲ್ಲಿ 200 ಜಿಬಿ ಮಾತ್ರ ತುಂಬಿದ್ದರೂ ಅಷ್ಟೆ. ಸ್ಯಾಮ್‌ಸಂಗ್, ಕ್ರೂಶಿಯಲ್‌ನಂಥ ಕಂಪನಿಗಳು ತಮ್ಮ ಎಸ್‌ಎಸ್‌ಡಿ ಕೊಂಡವರಿಗೆ ಕೊಡುವ ತಂತ್ರಾಂಶ ತುಂಬಿದ ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹೊಸಬರಿಗೆ ಅದೇ ಸುಲಭ. ಕೊಳ್ಳುವ ಮುಂಚೆ ನಿಮ್ಮ ಯಂತ್ರಕ್ಕೆ 2.5 ಇಂಚಿನ ಸಾಟಾ ಬೇಕೋ, ಎಂ.2 ಬೇಕೋ ನೋಡಿಕೊಳ್ಳಿ. ಎಂ.2ನಲ್ಲೂ ಸಾಟಾ, ಎನ್‌ವಿಎಂಇ ಎಂದು ಎರಡು ಬಗೆ; ಒಂದರ ಜಾಗದಲ್ಲಿ ಇನ್ನೊಂದು ನಡೆಯದಿರಬಹುದು.

ನಮ್ಮ ಕಡೆ ಕ್ಲೋನ್ ಮಾಡುವುದೇ ಮೇಲು ಎನ್ನಲು ಒಂದು ಕನ್ನಡದ ಕಾರಣವೂ ಇದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಸಲ್ಲಿಸುವ ಪ್ರಬಂಧವಿರಲಿ, ಜಾತ್ರೆಯ ಕರಪತ್ರವಿರಲಿ, ಹಳೆಯ ಫೈಲುಗಳಲ್ಲಿ ಎಷ್ಟೋ ಯುನಿಕೋಡ್‌ನಲ್ಲಿಲ್ಲ. ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿವೆ. ವಿಂಡೋಸ್ ಹೊಸದಾಗಿ ಹಾಕಿ ಬರೀ ಫೈಲುಗಳನ್ನು ತಂದರೆ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಫೈಲ್ ಕೆಟ್ಟಿತು ಎಂದು ಗಾಬರಿಯಾಗಿ ಅಳಿಸಿಬಿಡಬೇಡಿ, ಅದೇ ಫಾಂಟ್ ಹಾಕಿದರೆ ಅಕ್ಷರ ಮರಳಿ ಬರುತ್ತದೆ. ಕ್ಲೋನ್ ಮಾಡಿದರೆ ಈ ತಾಪತ್ರಯವೇ ಇಲ್ಲ.

ಹಾಗಾದರೆ ಫೈಲು ಹೋಗುವುದು ಎಲ್ಲಿ?

ಮುಖ್ಯವಾಗಿ ಒಂದೇ ಕಡೆ: ದಿಕ್ಕು ತಪ್ಪಿದಾಗ. ತಂತ್ರಾಂಶ ಯಾವುದರಿಂದ, ಯಾವುದಕ್ಕೆ ಎಂದು ಕೇಳುತ್ತದೆ. ಎರಡೂ 500 ಜಿಬಿ ಆಗಿದ್ದರೆ ಅದಲುಬದಲಾಗುವುದು ಸುಲಭ. ಆಗ ಖಾಲಿ ಎಸ್‌ಎಸ್‌ಡಿ ಹಳೆಯ ಡಿಸ್ಕಿನ ಮೇಲೆ ನಕಲಾಗುತ್ತದೆ. ಗಾತ್ರವನ್ನಲ್ಲ, ಕಂಪನಿಯ ಹೆಸರು ಮತ್ತು ಮಾಡೆಲ್ ಸಂಖ್ಯೆಯನ್ನು ಓದಿ ಖಚಿತಪಡಿಸಿಕೊಳ್ಳಿ. ಅಂಗಡಿಯಲ್ಲಿ ಮಾಡಿಸುವವರೂ ಮುಖ್ಯ ಫೈಲುಗಳನ್ನು ಮೊದಲೇ ಬೇರೊಂದು ಡ್ರೈವಿಗೆ ಹಾಕಿಟ್ಟು ಹೋಗಬೇಕು.

ಇನ್ನೊಂದು ಅಪಾಯ, ಸಾಯುತ್ತಿರುವ ಡಿಸ್ಕ್. ಟಕ್ ಟಕ್ ಸದ್ದು ಬರುತ್ತಿದ್ದರೆ ಅಥವಾ ಫೈಲ್ ತೆರೆಯುವಾಗ ಮತ್ತೆ ಮತ್ತೆ ನಿಂತುಹೋಗುತ್ತಿದ್ದರೆ ಕ್ಲೋನ್ ಮಾಡಲು ಹೋಗಬೇಡಿ. ಗಂಟೆಗಟ್ಟಲೆ ಓದಿಸಿದರೆ ಅದು ನಡುವೆಯೇ ಕೈಕೊಡಬಹುದು. ಬೇಕಾದ ಫೈಲುಗಳನ್ನು ಮೊದಲು ಎತ್ತಿಕೊಳ್ಳಿ.

ಕರೆಂಟ್ ಹೋದರೆ? ಇದಕ್ಕೆ ಅಷ್ಟು ಹೆದರಬೇಕಿಲ್ಲ. ಕ್ಲೋನ್ ಮಾಡುವಾಗ ಹಳೆಯ ಡಿಸ್ಕನ್ನು ಓದಲಾಗುತ್ತದೆಯೇ ಹೊರತು ಅದರ ಮೇಲೆ ಬರೆಯುವುದಿಲ್ಲ. ಅರ್ಧಕ್ಕೆ ನಿಂತರೆ ಮೊದಲಿನಿಂದ ಮಾಡಿದರಾಯಿತು. ಯುಪಿಎಸ್ ಇದ್ದರೆ ಒಳ್ಳೆಯದೇ.

"ಸಂಡೂರಿನ ಅದಿರು ಧೂಳು ಹಾರ್ಡ್ ಡಿಸ್ಕ್ ಒಳಗೆ ಹೋಗಿ ಕೆಡಿಸುತ್ತೆ, ಎಸ್‌ಎಸ್‌ಡಿಗೆ ಏನೂ ಆಗಲ್ಲ" ಎಂದರೆ ಅರ್ಧ ಸತ್ಯ. ಹಾರ್ಡ್ ಡಿಸ್ಕ್ ಮುಚ್ಚಿರುತ್ತದೆ. ಗಾಳಿಯಾಡುವ ಕಿಂಡಿ ಇದ್ದರೂ ಅದಕ್ಕೆ ಸೋಸುವ ಪದರ ಇರುತ್ತದೆ. ಧೂಳು ಕೂರುವುದು ಫ್ಯಾನಿನಲ್ಲಿ. ಅದರಿಂದ ಹೆಚ್ಚುವ ಬಿಸಿ ಎರಡಕ್ಕೂ ಕೆಟ್ಟದ್ದು. ಬೇಸಿಗೆಗೆ ಮುಂಚೆ ಫ್ಯಾನ್ ಸ್ವಚ್ಛ ಮಾಡಿಸಿ.

ಶುರು ಮಾಡುವ ಮುಂಚೆ ಬಿಟ್‌ಲಾಕರ್ ಆನ್ ಆಗಿದೆಯೇ ನೋಡಿ, ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ವಿಂಡೋಸ್ ಪರವಾನಗಿ ಮುಖ್ಯವಾಗಿ ಮದರ್‌ಬೋರ್ಡಿನ ಗುರುತಿಗೆ ಅಂಟಿಕೊಂಡಿರುವುದರಿಂದ ಡಿಸ್ಕ್ ಬದಲಿಸಿದ ಮಾತ್ರಕ್ಕೆ ಸಾಮಾನ್ಯವಾಗಿ ಹೋಗುವುದಿಲ್ಲ. ಟ್ಯಾಲಿಯಂಥ ತಂತ್ರಾಂಶ ಮತ್ತೆ ಸಕ್ರಿಯಗೊಳಿಸಲು ಕೇಳಬಹುದು, ವಿವರ ಕೈಯಲ್ಲಿರಲಿ. ಕ್ಲೋನ್ ಮಾಡಿದರೆ ವೈರಸ್ ಇದ್ದರೆ ಅದೂ ಜೊತೆಗೇ ಬರುತ್ತದೆ. ವಿಂಡೋಸ್ 10 ಇದ್ದರೆ ಅದೂ 10 ಆಗಿಯೇ ಉಳಿಯುತ್ತದೆ. ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಕೆಲಸ ಮುಗಿದ ಮೇಲೆ ಮೊದಲ ಸಲ ಶುರು ಮಾಡುವಾಗ ಹಳೆಯ ಡಿಸ್ಕನ್ನು ಬಿಚ್ಚಿಡಿ. ಒಂದೇ ಗುರುತಿನ ಎರಡು ಡಿಸ್ಕ್ ಕಂಡರೆ ವಿಂಡೋಸ್‌ಗೆ ಗೊಂದಲ. ಹಳೆಯದನ್ನು ಕೂಡಲೇ ಫಾರ್ಮ್ಯಾಟ್ ಮಾಡಬೇಡಿ; ಒಂದು ತಿಂಗಳಾದರೂ ಬೀರುವಿನಲ್ಲಿಟ್ಟು, ಹೊಸದರಲ್ಲಿ ಎಲ್ಲ ಫೈಲುಗಳೂ ತೆರೆಯುತ್ತವೆಯೇ ನೋಡಿ. ಆಮೇಲೆ ಮಾರುವುದಾದರೆ ಬರೀ ಡಿಲೀಟ್ ಅಥವಾ ಕ್ವಿಕ್ ಫಾರ್ಮ್ಯಾಟ್ ಮಾಡಿ ಕೊಡಬೇಡಿ. ಗ್ರಾಹಕರ ಆಧಾರ್ ಪ್ರತಿ, ಪಹಣಿ, ಫೋಟೋಗಳನ್ನು ಅದರಿಂದ ಮರಳಿ ತೆಗೆಯಬಹುದು. ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಮಾಡುವಾಗ 'ಕ್ವಿಕ್' ಎಂಬುದರ ಮುಂದಿನ ಗುರುತು ತೆಗೆದರೆ ಹಾರ್ಡ್ ಡಿಸ್ಕಿನ ಆ ವಿಭಾಗದ ತುಂಬ ಸೊನ್ನೆ ಬರೆಯಲಾಗುತ್ತದೆ. 1 ಟಿಬಿ ಡಿಸ್ಕಿಗೆ ಕೆಲವು ಗಂಟೆ ಹಿಡಿಯುತ್ತದೆ.