ಬರೆದವನೇ ಆಡಿಸಿದಾಗ: ಹಾವೇರಿ ಸೀಮೆಯ ರಂಗ ಮತ್ತು ವಾಸ್ತವದ ಪ್ರಶ್ನೆ

ವಾಸ್ತವವಾದಿ ರಂಗಭೂಮಿಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1898ರ ಮಾಸ್ಕೋದಿಂದ ಹೊರಡುತ್ತಾರೆ. ಎರಡು ವರ್ಷದ ಹಿಂದೆ ಪೀಟರ್ಸ್‌ಬರ್ಗಿನಲ್ಲಿ ನೆಲಕಚ್ಚಿದ್ದ ಚೆಕಾಫನ ‘ಸೀಗಲ್’ ನಾಟಕವನ್ನು ಸ್ಟಾನಿಸ್ಲಾವ್‌ಸ್ಕಿ ಅಲ್ಲಿ ಗೆಲ್ಲಿಸಿದ. 1904ರ ‘ಚೆರ್ರಿ ತೋಪು’ ಹೊತ್ತಿಗೆ ಇಬ್ಬರಿಗೂ ಹೊಂದಲಿಲ್ಲ. ಬರೆದವನು ಅದನ್ನು ಕಾಮಿಡಿ ಎಂದ, ಆಡಿಸಿದವನು ದುರಂತವಾಗಿಸಿದ. ಆ ತಿಕ್ಕಾಟದಲ್ಲೇ ಯುರೋಪಿನ ವಾಸ್ತವವಾದ ಬೆಳೆಯಿತು ಎನ್ನುವುದು ರೂಢಿಯ ವಾದ. ಮೋಟೆಬೆನ್ನೂರು, ಬ್ಯಾಡಗಿ, ರಾಣೆಬೆನ್ನೂರಿನ ಸೀಮೆಗೆ ಈ ಅಳತೆಗೋಲು ಹತ್ತುವುದಿಲ್ಲ. ಇಲ್ಲಿ ವಾಸ್ತವ ರಂಗವೇರಿದ್ದು ಆಡುಮಾತಿನ ಬೆನ್ನೇರಿ. ಬರೆಯುವುದು, ಆಡಿಸುವುದು ಬೇರೆಬೇರೆ ಕಸುಬಾದ ಮೇಲೆ ಅದು ಹಿಂದೆ ಸರಿಯಿತು ಎಂಬುದು ಈ ಲೇಖನದ ನಿಲುವು.

ಕೈಲಾಸಂ ಮೈಸೂರು ಕಡೆಯ ಮನೆಮಾತನ್ನು ರಂಗಕ್ಕೆ ತಂದರು. ಲಂಡನ್ನಿನಲ್ಲಿ ಓದಿ ಬಂದ ಶ್ರೀರಂಗರು ಧಾರವಾಡದಲ್ಲಿ ಅದೇ ಕೆಲಸ ಮಾಡಿದರು. ಇದು ಎಲ್ಲರೂ ಬಲ್ಲ ಸಂಗತಿ. ಅಷ್ಟಾಗಿ ಲೆಕ್ಕಕ್ಕೆ ಹಿಡಿಯದ್ದು ಕಂಪನಿ ನಾಟಕಗಳ ಪಾಲು. ನಟರೂ ಆಗಿದ್ದ ಪಿ.ಬಿ. ಧುತ್ತರಗಿ ಅವರ ‘ಸಂಪತ್ತಿಗೆ ಸವಾಲ್’ ಉತ್ತರ ಕರ್ನಾಟಕದ ಹಳ್ಳಿಗರು ತಮ್ಮದೇ ಎಂದು ಹಚ್ಚಿಕೊಂಡ ನಾಟಕ. 1974ರಲ್ಲಿ ಎ.ವಿ. ಶೇಷಗಿರಿರಾವ್ ಅದನ್ನು ಸಿನಿಮಾ ಮಾಡಿದಾಗ ರಾಜಕುಮಾರ್ ಎಮ್ಮೆಯ ಮೇಲೆ ಕೂತು ಹಾಡಿದರು. ರಂಗಕ್ಕೆ ಎಮ್ಮೆ ಬೇಕಿರಲಿಲ್ಲ. ಸಾಹುಕಾರನಿಗೆ ಎದುರುತ್ತರ ಕೊಡುವ ದನಿಯೊಂದಿದ್ದರೆ ಸಾಕಾಗಿತ್ತು.

ಮೆಣಸಿನಕಾಯಿ ಮಾರಿ ಕೈಯಲ್ಲಿ ದುಡ್ಡಾಡುವ ಕಾಲಕ್ಕೆ ಈ ಭಾಗದ ಜಾತ್ರೆಗಳಲ್ಲಿ ಊರ ಹುಡುಗರು ‘ಸಾಮಾಜಿಕ ನಾಟಕ’ ಕಟ್ಟುತ್ತಾರೆ. ಇಲ್ಲಿ ನಿರ್ದೇಶಕನೆಂದರೆ ಪೇಟಿ ಮಾಸ್ತರ. ಪುಸ್ತಕ ತರಿಸುವುದು, ಪಾತ್ರ ಹಂಚುವುದು, ಒಂದೆರಡು ತಿಂಗಳು ತಾಲೀಮು ಕೊಡುವುದು, ಆಟದ ರಾತ್ರಿ ಪೇಟಿ ಬಾರಿಸುತ್ತಲೇ ಮರೆತವನಿಗೆ ಮಾತು ಎತ್ತಿಕೊಡುವುದು ಎಲ್ಲ ಅವನದೇ. ಸೀನರಿ ಬಾಡಿಗೆಯದು, ನಟಿಯರು ಹೊರಗಿನಿಂದ ಬಂದವರು. ಹಿಂದೆ ಮನೆಯ ಸೀನು ಹೊಂದಿಸುವಷ್ಟು ಹೊತ್ತು ಮುಂದೆ ಬೀದಿ ಪರದೆ ಇಳಿಯುತ್ತದೆ. ಅದರೆದುರು ಹಾಸ್ಯಗಾರ ಆಡುತ್ತಾನೆ. ಕಂಪನಿಯ ಕವಿಗಳು ಈ ಬಿಡುವನ್ನು ಲೆಕ್ಕವಿಟ್ಟೇ ಬರೆದರು. ವಿಮರ್ಶಕರು ‘ಕಥೆಗೆ ಸಂಬಂಧವಿಲ್ಲದ ಹಾಸ್ಯ’ ಎಂದು ಮೂಗು ಮುರಿದದ್ದು ಈ ಪ್ರವೇಶಗಳನ್ನೇ. ಆದರೆ ಗೌಡಿಕೆಯ ದರ್ಪ, ಸಾಲ, ವರದಕ್ಷಿಣೆಯ ಚೌಕಾಶಿ ತೀರ ಹಸಿಯಾಗಿ, ಊರಿನ ಮಾತಿನಲ್ಲೇ ಕೇಳಿಬರುವುದೂ ಅಲ್ಲೇ. ಮುಖ್ಯಕಥೆಯ ನಾಯಕ ಗ್ರಾಂಥಿಕ ಕನ್ನಡದಲ್ಲಿ ಭಾಷಣ ಬಿಗಿಯುವಾಗ ವಾಸ್ತವ ಬೀದಿ ಪರದೆಯ ಮುಂದೆ ಉಳಿದಿರುತ್ತದೆ.

ಕಸುಬು ಬಲ್ಲ ನಿರ್ದೇಶಕ ಬಂದ ಮೇಲೆ ಆದದ್ದೇನು? 1972ರಲ್ಲಿ ಬೆಂಗಳೂರಿನ ಬಯಲು ರಂಗದಲ್ಲಿ ಬಿ.ವಿ. ಕಾರಂತರು ಕಂಬಾರರ ‘ಜೋಕುಮಾರಸ್ವಾಮಿ’ಯನ್ನೂ ಲಂಕೇಶರ ‘ಸಂಕ್ರಾಂತಿ’ಯನ್ನೂ ಆಡಿಸಿದರು. ಧಾರವಾಡದ ಜಿ.ಬಿ. ಜೋಶಿಯವರ ‘ಸತ್ತವರ ನೆರಳು’ ಮಠದ ರಾಜಕಾರಣದ ನಾಟಕ. ಕಾರಂತರು ಅದಕ್ಕೆ ದಾಸರ ಪದಗಳನ್ನು ಹೆಣೆದು ರಂಗಸಂಗೀತದ ಮಹೋತ್ಸವವನ್ನೇ ಮಾಡಿದರು. ಪ್ರೇಕ್ಷಕನಾಗಿ ಅದಕ್ಕೆ ಸೋಲದಿರುವುದು ಕಷ್ಟ. ಆದರೂ ಕನ್ನಡದಲ್ಲಿ ನಾಟಕಕಾರ ಮತ್ತು ನಿರ್ದೇಶಕ ಕೂಡಿ ಮಾಡಿದ ದೊಡ್ಡ ಕೆಲಸ ವಾಸ್ತವವಾದದ ಆಚೆಗೆ ಹೋಗುವ ಕೆಲಸವೇ. ಹಾವೇರಿ ಜಿಲ್ಲೆಯ ಹತ್ತಿಮತ್ತೂರಿನಲ್ಲಿ 1939ರಲ್ಲಿ ಹುಟ್ಟಿದ ಚಂಪಾ ಕೂಡ ‘ಕೊಡೆಗಳು’ ಬರೆದದ್ದು ಅಸಂಗತ ನಾಟಕವಾಗಿ. ಆಡುಮಾತಿನ ಬನಿ ಅವರಿಗೆ ಯಾರೂ ಕಲಿಸಬೇಕಿರಲಿಲ್ಲ, ಅದನ್ನು ಬಳಸಿದ್ದು ಮಾತ್ರ ಬೇರೆ ಕೆಲಸಕ್ಕೆ.

ಹಾಗಾಗಿ ಈ ಸೀಮೆಯ ಸಂಶೋಧಕ ಮೊದಲು ಹುಡುಕಬೇಕಾದ ಆಕರ ಪೇಟಿ ಮಾಸ್ತರರ ತಾಲೀಮು ಪುಸ್ತಕ. ಅಚ್ಚಾದ ನಾಟಕದಲ್ಲಿ ಉದ್ದದ ಮಾತು ಹೊಡೆದುಹಾಕುವುದು, ಸಂತೆಯ ಹೆಸರು ಬದಲಿಸುವುದು, ವಿಜಾಪುರದ ಕಡೆಯ ಮಾತನ್ನು ಇಲ್ಲಿಯದಕ್ಕೆ ತಿದ್ದುವುದು ಹಳ್ಳಿ ತಾಲೀಮಿನ ರೂಢಿ. ಎಂದೂ ಮುಖ ಕಾಣದ ನಾಟಕಕಾರನ ಜೊತೆ ಮಾಸ್ತರ ನಡೆಸಿದ ಚರ್ಚೆ ಪೆನ್ಸಿಲಿನಲ್ಲಿ ಆ ಪುಟಗಳ ಅಂಚಿನಲ್ಲಿರುತ್ತದೆ.