ಕೋರ್ಟಿನ ಮಾತು, ಕೇರಿಯ ಬದುಕು

ನಮ್ಮ ಮಂದಿಗೆ ಕೋರ್ಟಿನ ಮಾತು ತಿಳಿಯೋದಿಲ್ಲ ಅಂತ ಓದಿದವರು ಹೇಳ್ತಾರೆ. ಸಮನ್ಸು, ವಾರಂಟು, ಜಾಮೀನು, ಜಪ್ತಿ ಅಂದರೆ ಏನು ಅಂತ ಹೊಸಪೇಟೆಯ ಯಾವ ಕೇರಿಯ ಅಜ್ಜಿಯನ್ನು ಬೇಕಾದರೂ ಕೇಳಿರಿ, ಹೇಳ್ತಾಳೆ. ಮನೆಬಾಗಿಲಿಗೆ ಬಂದು ಹೆದರಿಸುವ ಮಾತುಗಳೆಲ್ಲ ಆಕೆಗೆ ಗೊತ್ತು. ಹಕ್ಕು ಕೇಳಲು ನಾವಾಗಿ ಕೋರ್ಟಿಗೆ ಹೊತ್ತೊಯ್ಯಬೇಕಾದ ಮಾತುಗಳನ್ನು ಮಾತ್ರ ಯಾರೂ ಕಲಿಸಲಿಲ್ಲ.

ಈ ಮಾತುಗಳು ಆಳುವವರ ಹಿಂದೆ ಬಂದವು. ಅರ್ಜಿ, ವಕೀಲ, ಮುನ್ಸೀಫ, ಜಾಮೀನು ಇವೆಲ್ಲ ಪಾರಸಿ ಕಚೇರಿಗಳ ದಾರಿ ಹಿಡಿದು ಬಂದವು. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಹೊಸಪೇಟೆ, ಕಂಪ್ಲಿ ಮದರಾಸಿನ ಆಳ್ವಿಕೆಗೆ ಸೇರಿದವು. ಡಿಕ್ರಿ, ಅಪೀಲು, ವಾರಂಟು ಇಂಗ್ಲಿಷರ ಜೊತೆ ಇಳಿದವು. ಸಂಡೂರಿನಲ್ಲಿ 1949ರ ತನಕ ರಾಜರದೇ ಆಡಳಿತ. 1953ರಲ್ಲಿ ಈ ನೆಲವೆಲ್ಲ ಮೈಸೂರು ರಾಜ್ಯಕ್ಕೆ ಬಂತು. ದೊರೆಗಳು ಬದಲಾದರು, ಕಟಕಟೆಯಲ್ಲಿ ಕೈಮುಗಿದು ನಿಂತವನು ಬದಲಾಗಲಿಲ್ಲ.

ಒಂದು ಮಾತಿನ ಅರ್ಥ ಎಷ್ಟು ಬದುಕುಗಳನ್ನು ಒಳಗೆ ಬಿಡ್ತದೆ, ಎಷ್ಟನ್ನು ಹೊರಗೆ ನಿಲ್ಲಿಸ್ತದೆ ನೋಡಿರಿ. 1973ರಲ್ಲಿ ಸಂಡೂರಿನಲ್ಲಿ ಇನಾಮು ಭೂಮಿ ಉಳುವವರು ಹಕ್ಕಿಗಾಗಿ ಹೋರಾಟಕ್ಕಿಳಿದರು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರ 7ನೇ ನಮೂನೆಯಲ್ಲಿ ಅರ್ಜಿ ಹಾಕಬೇಕು, ಭೂನ್ಯಾಯಮಂಡಳಿ ವಿಚಾರಣೆ ನಡೆಸಬೇಕು. ಅಲ್ಲಿಗೆ ವಕೀಲರು ಬರುವಂತಿಲ್ಲ ಅಂತ ಕಾನೂನೇ ಹೇಳಿತ್ತು. ‘ಈ ಹೊಲ ನಾನು ಉಳ್ತೀನಿ’ ಅಂತ ರೈತ ತನ್ನ ಮಾತಿನಲ್ಲೇ ಹೇಳಬಹುದಿತ್ತು. 1987ರಲ್ಲಿ ಸುಪ್ರೀಂ ಕೋರ್ಟು ಆ ನಿರ್ಬಂಧವನ್ನು ತೆಗೆದುಹಾಕಿತು.

ಆದರೆ ‘ಗೇಣಿದಾರ’ ಅನ್ನೋ ಮಾತಿನ ಸುತ್ತಲೇ ಒಂದು ಬೇಲಿ ಇತ್ತು. ಕಂಪ್ಲಿಯ ಕಾಲುವೆ ಕೆಳಗಿನ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ನಾಟಿ ಮಾಡುವ ಕೂಲಿಯವಳು ಗೇಣಿದಾರಳಲ್ಲ. ಅವಳು ಗೇಣಿ ಕೊಟ್ಟವಳಲ್ಲ, ಬೆವರು ಕೊಟ್ಟವಳು. ‘ಉಳುವವನೇ ಹೊಲದೊಡೆಯ’ ಎಂದು ಕೂಗಿದ ಕೇರಿಯ ಬಹಳ ಮಂದಿ ಆ ಮಾತಿನ ಹೊರಗೇ ಉಳಿದರು.

ಇನ್ನೊಂದು ಮಾತು ‘ಅಕ್ರಮ’. ಸಂಡೂರಿನ ಗುಡ್ಡಗಳನ್ನು ಬಗೆದ ಗಣಿಗಾರಿಕೆಯ ವಿರುದ್ಧ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿತು. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಲು ಆಜ್ಞೆಯಾಯಿತು. ಆಮೇಲೆ ಗಣಿ ಗುತ್ತಿಗೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು, ತಕರಾರು ಕೇಳಿದರು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದವು ರದ್ದಾದವು. ಬಿ ವರ್ಗದವರಿಗೆ ದಂಡ ಕಟ್ಟಿ, ಕೆಡಿಸಿದ ನೆಲ ಸರಿಪಡಿಸಿ ಮತ್ತೆ ಗಣಿ ತೆರೆಯುವ ದಾರಿ ಸಿಕ್ಕಿತು.

ಅದೇ 2011ರ ಜುಲೈ ಕೊನೆಗೆ ಹಂಪಿಯ ಬಜಾರಿನಲ್ಲಿ ಮಂಟಪಗಳನ್ನೇ ಮನೆ ಮಾಡಿಕೊಂಡು ಬಾಳುತ್ತಿದ್ದವರ ಮೇಲೆ ಬುಲ್ಡೋಜರ್ ಹರಿಯಿತು. ಅವರ ಹಣೆಗೆ ಹಚ್ಚಿದ್ದೂ ಅದೇ ಮಾತು: ‘ಅಕ್ರಮ ಒತ್ತುವರಿ’. ಸ್ಮಾರಕ ಉಳಿಯಬೇಕು, ಖರೆ. ಆದರೆ ಇಲ್ಲಿ ಎ, ಬಿ, ಸಿ ಅಂತ ತೂಗಿ ನೋಡಿದವರು ಯಾರು? ಮೊದಲು ಮನೆ ಬಿತ್ತು, ಆಮೇಲೆ ಕಡ್ಡಿರಾಂಪುರದ ಪುನರ್ವಸತಿಯ ಮಾತು ಬಂತು. ಮಾತು ಒಂದೇ. ಕಂಪನಿಗೆ ಅದು ವಿಚಾರಣೆ ತಂತು, ಬಡವನಿಗೆ ಬುಲ್ಡೋಜರ್ ತಂತು.

2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಇಂಗ್ಲಿಷ್ ಹೆಸರು ಸಂಸ್ಕೃತಕ್ಕೆ ತಿರುಗಿತು, ಕೇರಿಯ ಮಾತಿಗೆ ತಿರುಗಲಿಲ್ಲ.

ಹಳ್ಳಿಯ ಮೇಷ್ಟ್ರುಗಳೇ, ಗೆಳೆಯರೇ, ಇಷ್ಟನ್ನಾದರೂ ಮಕ್ಕಳಿಗೆ, ಅವರ ಅವ್ವ ಅಪ್ಪಂದಿರಿಗೆ ಹೇಳಿರಿ. ಫಿರ್ಯಾದು ಕೊಟ್ಟವರಿಗೆ ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಕೋರ್ಟಿನಲ್ಲಿ ಹೇಳಿದ ಸಾಕ್ಷಿಯನ್ನು ಸಾಕ್ಷಿದಾರನಿಗೆ ಓದಿ ಹೇಳಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ 1987ರ ಕಾನೂನು ಸೇವೆಗಳ ಕಾಯಿದೆಯಂತೆ ಆದಾಯ ಎಷ್ಟೇ ಇದ್ದರೂ ಪುಕ್ಕಟೆ ವಕೀಲರ ನೆರವು ಸಿಗಬೇಕು. ಇವು ಯಾರೋ ಹಾಕುವ ಭಿಕ್ಷೆಯಲ್ಲ, ಕಾನೂನಿನಲ್ಲಿ ಬರೆದಿರುವ ಹಕ್ಕು. ಹೆಬ್ಬೆಟ್ಟು ಒತ್ತುವ ಮುಂಚೆ ‘ಏನು ಬರ್ದೀರಿ, ಓದಿ ಹೇಳ್ರಿ’ ಅಂತ ಕೇಳೋದನ್ನು ಮೊದಲು ಕಲಿಸಿರಿ.