‘ಉಸಿಯ’ ಮತ್ತು ‘ಹಿಪೋಸ್ಟಾಸಿಸ್’: ಒಂದು ಪಾರಿಭಾಷಿಕ ವಿವಾದದ ಚರಿತ್ರೆ

ಕ್ರೈಸ್ತರಿಗೆ ದೇವರು ಒಬ್ಬನೇ. ಆದರೆ ದೀಕ್ಷಾಸ್ನಾನ ನಡೆಯುವುದು ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ. ಈ ಏಕತ್ವ-ತ್ರಿತ್ವಗಳೆರಡನ್ನೂ ಬಿಡದೆ ಹೇಳಬಲ್ಲ ಪರಿಭಾಷೆಗಾಗಿ ನಾಲ್ಕನೆಯ ಶತಮಾನದಲ್ಲಿ ನಡೆದ ವಿವಾದವನ್ನು ಸಾಮಾನ್ಯವಾಗಿ ಸನ್ಮತ-ಪಾಷಂಡಮತಗಳ ಸಂಘರ್ಷವೆಂದು ವರ್ಣಿಸುವುದುಂಟು. ಅದರ ಒಂದು ಭಾಗವು ಪದಗಳ ಅರ್ಥವೇ ಸ್ಥಿರಗೊಂಡಿರದ ಕಾರಣ ಹುಟ್ಟಿದುದೆಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ಅಲೆಕ್ಸಾಂಡ್ರಿಯದ ಪಾದ್ರಿ ಆರಿಯಸನು ಮಗನನ್ನು ಸೃಷ್ಟಿಗೆ ಸೇರಿದವನೆಂದು ಬೋಧಿಸಿದನು. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ಕರೆದ ನೈಸಿಯದ ಮಹಾಸಭೆಯು ಇದನ್ನು ತಿರಸ್ಕರಿಸಿ, ಮಗನು ತಂದೆಯೊಡನೆ ‘ಹೋಮೊಊಸಿಯೋಸ್’, ಎಂದರೆ ಒಂದೇ ಸತ್ತ್ವವುಳ್ಳವನು ಎಂದು ಸಾರಿತು. ಈ ಪದ ಬೈಬಲಿನಲ್ಲಿಲ್ಲವೆಂಬ ಆಕ್ಷೇಪ ಬಹುಕಾಲ ಉಳಿಯಿತು. ಅದಕ್ಕಿಂತ ದೊಡ್ಡ ತೊಡಕು ಬೇರೊಂದಿತ್ತು. ಸಭೆಯ ಬಹಿಷ್ಕಾರ ವಾಕ್ಯದಲ್ಲಿ ‘ಉಸಿಯ’, ‘ಹಿಪೋಸ್ಟಾಸಿಸ್’ ಎಂಬೆರಡು ಪದಗಳು ಸಮಾನಾರ್ಥಕಗಳಂತೆ ಬಳಕೆಯಾಗಿದ್ದವು. ಆದ್ದರಿಂದ ಮೂರು ಹಿಪೋಸ್ಟಾಸಿಸ್ ಎಂದವರು ಕೆಲವರಿಗೆ ಮೂವರು ದೇವರನ್ನು ಹೇಳುವವರಂತೆಯೂ, ಒಂದೇ ಎಂದವರು ಉಳಿದವರಿಗೆ ತಂದೆ-ಮಗರ ಭೇದವನ್ನೇ ಅಳಿಸುವವರಂತೆಯೂ ಕಂಡರು.

362ರಲ್ಲಿ ಅಥನೇಸಿಯಸನ ನೇತೃತ್ವದ ಅಲೆಕ್ಸಾಂಡ್ರಿಯದ ಸಭೆಯು ಉಭಯ ಪಕ್ಷಗಳನ್ನೂ ವಿಚಾರಿಸಿ, ಭೇದವಿರುವುದು ಮಾತಿನಲ್ಲಿಯೇ ಹೊರತು ನಂಬಿಕೆಯಲ್ಲಲ್ಲ ಎಂದು ಕಂಡುಕೊಂಡಿತು. ಬಳಿಕ ಕಪ್ಪದೋಕಿಯದ ಬೆಸಿಲ್, ನಾಜಿಯಾನ್ಸಸ್‌ನ ಗ್ರೆಗೊರಿ ಹಾಗೂ ನೀಸಾದ ಗ್ರೆಗೊರಿ ಇವರು ‘ಉಸಿಯ’ವನ್ನು ಮೂವರಿಗೂ ಸಾಮಾನ್ಯವಾದ ಸತ್ತ್ವಕ್ಕೂ, ‘ಹಿಪೋಸ್ಟಾಸಿಸ್’ಅನ್ನು ಒಬ್ಬೊಬ್ಬರ ವಿಶಿಷ್ಟ ಇರವಿಗೂ ಮೀಸಲಿಟ್ಟರು. 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೊತ್ತಿಗೆ ಈ ವಿವೇಚನೆ ಪೂರ್ವದ ಸಭೆಗಳಲ್ಲಿ ನೆಲೆಗೊಂಡಿತ್ತು.

ಲ್ಯಾಟಿನ್ ಬಲ್ಲವರ ಸಂಕಟ ಬೇರೆ. ‘ಹಿಪೋಸ್ಟಾಸಿಸ್’ ಪದದ ಅವಯವಾರ್ಥಕ್ಕೆ ನೇರವಾಗಿ ಹೊಂದುವ ಲ್ಯಾಟಿನ್ ಪದ ‘ಸಬ್‌ಸ್ಟಾನ್ಷಿಯ’. ಅದನ್ನೇ ಅವರು ಏಕಸತ್ತ್ವಕ್ಕೆ ಬಳಸುತ್ತಿದ್ದರು. ಸಿರಿಯದ ಮರುಭೂಮಿಯಲ್ಲಿದ್ದ ಜೆರೋಮನು ಮೂರು ಹಿಪೋಸ್ಟಾಸಿಸ್‌ಗಳನ್ನು ಒಪ್ಪಬೇಕೆಂಬ ಒತ್ತಾಯಕ್ಕೆ ಸಿಲುಕಿ, ರೋಮಿನ ಪೋಪ್ ದಮಾಸಸನಿಗೆ ಪತ್ರ ಬರೆದು ನಿರ್ಣಯ ಕೇಳಿದನು. ತೆರ್ತುಲಿಯನ್ ಬಳಸಿದ್ದ ‘ಪೆರ್ಸೋನ’ ಪದವೇ ಪಶ್ಚಿಮದಲ್ಲಿ ನಿಂತಿತು. ಆದರೂ ‘ಮೂವರು ಪೆರ್ಸೋನ’ ಎನ್ನುವುದು ದೈವಸ್ವರೂಪವನ್ನು ಯಥಾವತ್ತಾಗಿ ತಿಳಿಸುವುದಕ್ಕಲ್ಲ, ಸುಮ್ಮನಿರಬಾರದೆಂಬುದಕ್ಕೆ ಎಂದು ಆಗಸ್ಟಿನನು ‘ದೆ ತ್ರಿನಿತಾತೆ’ಯಲ್ಲಿ ಒಪ್ಪಿಕೊಂಡಿದ್ದಾನೆ.

ಈ ಒಪ್ಪಿಗೆ ಅನುವಾದಕರಿಗೆ ಮುಖ್ಯವಾದುದು. ‘ಪೆರ್ಸೋನ’ಕ್ಕೆ ಕನ್ನಡದಲ್ಲಿ ‘ವ್ಯಕ್ತಿ’ ಎಂದೊಡನೆ ಇಂದಿನ ಓದುಗರಿಗೆ ಪ್ರತ್ಯೇಕರಾದ ಮೂವರು ತೋರುತ್ತಾರೆ. ಸಂಸ್ಕೃತ ಮೂಲದ ‘ವ್ಯಕ್ತವಾಗುವಿಕೆ’ ಎಂಬರ್ಥವನ್ನು ಹಿಡಿದರೆ ಒಬ್ಬನದೇ ಮೂರು ತೋರಿಕೆಗಳೆಂಬ ಭಾವ ಬರುತ್ತದೆ. ನಾಲ್ಕನೆಯ ಶತಮಾನದವರು ದೂರವಿಡಲು ಹೆಣಗಿದ ಎರಡು ಅತಿಗಳೂ ಹೀಗೆ ಒಂದೇ ಪದದಲ್ಲಿ ಮರಳುತ್ತವೆ. ಕನ್ನಡ ಕ್ರೈಸ್ತ ಪರಿಭಾಷೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಅಪೇಕ್ಷಣೀಯ.